ಶಾಫ್ಟ್ ಅಲೈನ್‌ಮೆಂಟ್ ಸರಿಯಿದೆ, ದೋಣಿ ಮಾತ್ರ ನಡುಗುತ್ತಿದೆ

ತೇಲುಮನೆ

ನಮಸ್ಕಾರ. ನನ್ನದು 31 ಅಡಿಯ ಫೈಬರ್‌ಗ್ಲಾಸ್ ದೋಣಿ. ಮೂರು ಸಿಲಿಂಡರಿನ ಡೀಸೆಲ್ ಎಂಜಿನ್ ನಾಲ್ಕು ರಬ್ಬರ್ ಮೌಂಟ್‌ಗಳ ಮೇಲೆ ಕೂತಿದೆ. ಗೇರ್‌ಬಾಕ್ಸ್ 2:1, 25 ಮಿಲಿಮೀಟರ್ ಸ್ಟೇನ್‌ಲೆಸ್ ಶಾಫ್ಟ್, 16 ಇಂಚಿನ ಮೂರು ರೆಕ್ಕೆಯ ಪ್ರೊಪೆಲ್ಲರ್.

ಕಳೆದ ತಿಂಗಳು ದೋಣಿಯನ್ನು ನೀರಿನಿಂದ ಎತ್ತಿಸಿ ತಳಕ್ಕೆ ಬಣ್ಣ ಹೊಡೆಸಿದೆ. ಅದೇ ಹೊತ್ತಿಗೆ ಹಿಂದಿನ ರಬ್ಬರ್ ಬೇರಿಂಗ್ ಸವೆದದ್ದು ಕಂಡಿತು. ಪ್ರೊಪೆಲ್ಲರ್ ಹಿಡಿದು ಅಲ್ಲಾಡಿಸಿದರೆ ಕಟಕಟ ಎನ್ನುತ್ತಿತ್ತು. ಹೇಗೂ ಎತ್ತಿಸಿದ್ದೇನೆ ಎಂದು ನಾನೇ ಕೈಹಾಕಿದೆ. ಪ್ರೊಪೆಲ್ಲರ್ ಬಿಚ್ಚಿ, ಶಾಫ್ಟನ್ನು ಗೇರ್‌ಬಾಕ್ಸಿಗೆ ಸೇರಿಸುವ ಕಪ್ಲಿಂಗ್ ಕಳಚಿ, ಶಾಫ್ಟ್ ಹೊರಗೆಳೆದು ಹೊಸ ಬೇರಿಂಗ್ ಕೂರಿಸಿದೆ. ಕಪ್ಲಿಂಗೂ ಪ್ರೊಪೆಲ್ಲರೂ ಶಾಫ್ಟಿನ ಮೇಲೆ ಜಾರದಂತೆ ತೋಡಿನಲ್ಲಿ ಕೂರಿಸುವ ಲೋಹದ ತುಂಡುಗಳ, ಅಂದರೆ ಕೀಗಳ, ಮೂಲೆ ಸವೆದಿದ್ದವು, ಎರಡು ಕಡೆಗೂ ಹೊಸ ಕೀ ಹಾಕಿದೆ. ಶಾಫ್ಟನ್ನು ತುಕ್ಕಿನಿಂದ ಕಾಯುವ ಸತುವಿನ ಆನೋಡ್ ಸಹ ಹೊಸದು. ಕೊನೆಗೆ ಅಲೈನ್‌ಮೆಂಟ್, ಅಂದರೆ ಎಂಜಿನ್ನನ್ನೂ ಶಾಫ್ಟನ್ನೂ ಒಂದೇ ನೇರಕ್ಕೆ ತರುವುದು. ಕಪ್ಲಿಂಗಿನ ಎರಡು ಮುಖಗಳ ನಡುವೆ ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ಇಟ್ಟು ಅರ್ಧ ದಿನ ಮೌಂಟ್ ನಟ್ ತಿರುಗಿಸಿ, ಮೇಲೆ ಕೆಳಗಿನ ಸಂದಿನ ವ್ಯತ್ಯಾಸವನ್ನು 0.05 ಮಿಲಿಮೀಟರಿಗೆ ತಂದೆ. ಕಪ್ಲಿಂಗ್ ವ್ಯಾಸ 100 ಮಿಲಿಮೀಟರ್. ಆ ಸಂಜೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಮರುದಿನ ದೋಣಿ ನೀರಿಗಿಳಿಯಿತು.

ಈಗ 1,600 ಆರ್‌ಪಿಎಂ ದಾಟುತ್ತಿದ್ದಂತೆ ನಡುಕ ಶುರುವಾಗುತ್ತದೆ, 2,200ಕ್ಕೆ ಅಸಹ್ಯವಾಗುತ್ತದೆ. ಮೇಜಿನ ಮೇಲಿಟ್ಟ ನೀರಿನ ಬಾಟಲಿ ತಾನಾಗಿಯೇ ಅಂಚಿನವರೆಗೆ ನಡೆದುಹೋಗುತ್ತದೆ. ಎಂಜಿನ್ ಮುಚ್ಚಳ ತೆಗೆದು ನೋಡಿದರೆ ಶಾಫ್ಟ್ ಬಳಿಯ ನೆಲದ ಹಲಗೆ ಕಾಲಡಿಯಲ್ಲಿ ಗುಂಯ್ ಎನ್ನುತ್ತದೆ, ಶಾಫ್ಟ್ ಒಡಲನ್ನು ದಾಟುವಲ್ಲಿ ನೀರು ತಡೆಯುವ ಗ್ಲ್ಯಾಂಡಿನಿಂದ ಹನಿಯುವ ನೀರೂ ಹೆಚ್ಚಾಗಿದೆ. ಮೊಬೈಲಿನಲ್ಲಿ ಕಂಪನ ಅಳೆಯುವ ಆ್ಯಪ್ ಹಾಕಿ ನೋಡಿದೆ: 2,400ರಲ್ಲಿ 20 ಹರ್ಟ್ಸ್ ಎದ್ದು ಕಾಣುತ್ತದೆ, 60ರಲ್ಲಿ ಸಣ್ಣದೊಂದು ಗೆರೆ.

ಒಬ್ಬ ಮೆಕ್ಯಾನಿಕ್ ನಾಲ್ಕೂ ಮೌಂಟ್ ಬದಲಿಸಿ ಎಂದ. ಇನ್ನೊಬ್ಬ ಪ್ರೊಪೆಲ್ಲರ್ ಬ್ಯಾಲೆನ್ಸ್ ಮಾಡಿಸಿ ಎಂದ. ನಾನು ಈಗಾಗಲೇ ಕಪ್ಲಿಂಗಿನ ಎರಡು ಮುಖಗಳ ನಡುವೆ ಹಾಕುವ ರಬ್ಬರಿನ ಒಂದು ಫ್ಲೆಕ್ಸಿಬಲ್ ಕಪ್ಲಿಂಗ್ ತಂದಿಟ್ಟಿದ್ದೇನೆ. ಅದನ್ನೇ ಮೊದಲು ಹಾಕಿಬಿಡಲೇ? ಅಲೈನ್‌ಮೆಂಟ್ ಅಂತೂ ಸರಿಯಿದೆ, ಅದರ ಬಗ್ಗೆ ಅನುಮಾನ ಬೇಡ.

ಉಪ್ಪುಗಾಳಿ

ಹಾಕಿಬಿಡಿ. ನನ್ನ ದೋಣಿಯಲ್ಲೂ ಹೀಗೇ ಇತ್ತು. ಫ್ಲೆಕ್ಸಿಬಲ್ ಕಪ್ಲಿಂಗ್ ಹಾಕಿದ ಮೇಲೆ ಅರ್ಧಕ್ಕರ್ಧ ಕಡಿಮೆಯಾಯಿತು. ನಾಲ್ಕು ವರ್ಷವಾಯಿತು, ತೊಂದರೆ ಇಲ್ಲ. ನಡುವೆ ರಬ್ಬರ್ ಬೇರಿಂಗ್ ಎರಡು ಸಲ ಬದಲಿಸಿದೆ, ಅಷ್ಟೇ.

ಎಣ್ಣೆಕೈ

ನಾಲ್ಕು ವರ್ಷಕ್ಕೆ ಎರಡು ಬೇರಿಂಗ್ ತಿಂದ ಶಾಫ್ಟಿಗೆ ತೊಂದರೆ ಇಲ್ಲವೆಂದು ನಾನಾದರೆ ಹೇಳುವುದಿಲ್ಲ. ಉಪ್ಪುಗಾಳಿಯವರು ಬೇಸರಿಸಬಾರದು. ನಡುಕ ಹೋಗಿಲ್ಲ, ನಿಮ್ಮ ಕಾಲಿಗೆ ತಿಳಿಯುವುದು ನಿಂತಿದೆ, ಬೇರಿಂಗಿಗೆ ತಿಳಿಯುತ್ತಲೇ ಇದೆ.

ತೇಲುಮನೆಯವರೇ, ಮೊದಲು ಸ್ಪ್ಯಾನರ್ ಕೆಳಗಿಡಿ. ಫ್ಲೆಕ್ಸಿಬಲ್ ಕಪ್ಲಿಂಗನ್ನು ಡಬ್ಬಿಯಿಂದ ತೆಗೆಯಬೇಡಿ. ಮೌಂಟಿಗೂ ಹಣ ಸುರಿಯಬೇಡಿ. ನಾನು ಮೂವತ್ತು ವರ್ಷ ಇಂಥ ಸಣ್ಣ ದೋಣಿಗಳ ಎಂಜಿನ್ ಗುಂಡಿಯೊಳಗೆ ತಲೆಕೆಳಗಾಗಿ ಬದುಕಿದವನು. ಎತ್ತಿಸುವ ಮುಂಚೆ ಇಲ್ಲದ ನಡುಕ ಇಳಿಸಿದ ಮೇಲೆ ಬಂದಿದ್ದರೆ ತಪ್ಪು ಸಾಮಾನ್ಯವಾಗಿ ಆ ನಡುವೆ ಮುಟ್ಟಿದ ಭಾಗದಲ್ಲೇ ಇರುತ್ತದೆ. ನೀವು ಮೌಂಟ್‌ಗಳ ನಟ್ ತಿರುಗಿಸಿದಿರಿ, ಕಪ್ಲಿಂಗ್ ಕಳಚಿದಿರಿ, ಪ್ರೊಪೆಲ್ಲರ್ ಕಳಚಿದಿರಿ, ಎರಡು ಕೀ ಬದಲಿಸಿದಿರಿ. ಸುಸ್ಥಿತಿಯಲ್ಲಿದ್ದ ಮೌಂಟಿನ ರಬ್ಬರ್ ನೀವು ಬಣ್ಣ ಹೊಡೆಯುವಾಗ ಸತ್ತುಹೋಗಲಿಲ್ಲ.

ಆ್ಯಪ್ ತೋರಿಸಿದ ಅಂಕಿಯ ಬಗ್ಗೆ ಒಂದು ಎಚ್ಚರಿಕೆ. 2,400ನ್ನು 60ರಿಂದ ಭಾಗಿಸಿದರೆ ಎಂಜಿನ್ ಸೆಕೆಂಡಿಗೆ 40 ಸುತ್ತು. ಗೇರ್‌ಬಾಕ್ಸ್ 2:1 ಆದ್ದರಿಂದ ಶಾಫ್ಟ್ 20 ಸುತ್ತು. ಹಾಗಾಗಿ 20 ಹರ್ಟ್ಸ್ ಎಂದರೆ ಶಾಫ್ಟಿನ ಪ್ರತಿ ಸುತ್ತಿಗೂ ಒಂದು ಗುದ್ದು ಎಂದು ನೀವು ಓದಿಕೊಂಡಿರಬಹುದು. ಆದರೆ ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಒಂದು ಸಿಲಿಂಡರ್ ಉರಿಯುವುದು ಎರಡು ಸುತ್ತಿಗೆ ಒಮ್ಮೆ. ಒಂದು ಸಿಲಿಂಡರ್ ಸೊರಗಿದ್ದರೆ ಆ ಮುಗ್ಗರಿಕೆಯೂ ಸೆಕೆಂಡಿಗೆ 20 ಸಲವೇ. 60ರದ್ದೂ ಇದೇ ಕಥೆ: ಮೂರು ಸಿಲಿಂಡರ್ ಸೇರಿ ಸೆಕೆಂಡಿಗೆ 60 ಉರಿತ, ಮೂರು ರೆಕ್ಕೆ 20 ಸುತ್ತಿಗೆ 60 ಬಡಿತ. ಮೂರು ಸಿಲಿಂಡರ್, ಮೂರು ರೆಕ್ಕೆ, 2:1 ಗೇರ್ ಸೇರಿದರೆ ಕಳ್ಳನೂ ಪೊಲೀಸನೂ ಒಂದೇ ಅಂಗಿ ತೊಟ್ಟಂತೆ. ಆ್ಯಪ್ ಅವರನ್ನು ಬೇರ್ಪಡಿಸಿ ಹೇಳಲಾರದು. ಗೇರ್ ಲಿವರ್ ಹೇಳುತ್ತದೆ.

ಹೀಗೆ ಮಾಡಿ. ದೋಣಿಯನ್ನು ಕಟ್ಟೆಗೆ ಕಟ್ಟಿ, ನ್ಯೂಟ್ರಲ್‌ನಲ್ಲಿ 800ರಿಂದ 2,400ರವರೆಗೆ ನಿಧಾನವಾಗಿ ಏರಿಸಿ. ಪ್ರತಿ ಇನ್ನೂರಕ್ಕೆ ನಿಲ್ಲಿಸಿ, ಒಂದು ಅಂಗೈ ಎಂಜಿನ್ ಮೇಲೆ, ಇನ್ನೊಂದು ಎಂಜಿನ್ ಕೂತ ದಿಮ್ಮಿಯ ಮೇಲೆ ಇಡಿ. ಅಂಗಿಯ ತೋಳು ಮೇಲಕ್ಕೆ ಮಡಚಿರಲಿ, ಬೆಲ್ಟಿನಿಂದ ದೂರವಿರಲಿ. ಎಂಜಿನ್ ನಡುಗಿ ದಿಮ್ಮಿ ಸುಮ್ಮನಿದ್ದರೆ ಮೌಂಟ್ ತನ್ನ ಕೆಲಸ ಮಾಡುತ್ತಿದೆ. ಎರಡೂ ಒಂದೇ ಸಮ ನಡುಗಿದರೆ ಅಲ್ಲಿ ರಬ್ಬರ್ ಕುಗ್ಗಿ ಲೋಹಕ್ಕೆ ಲೋಹ ತಾಗಿದೆ, ಇಲ್ಲವೇ ನಟ್ ಸಡಿಲವಿದೆ. ಆಮೇಲೆ ಹಗ್ಗಗಳನ್ನು ಇನ್ನೊಮ್ಮೆ ಬಿಗಿದು, ಲಿವರ್ ಬಳಿ ಒಬ್ಬರನ್ನು ನಿಲ್ಲಿಸಿ, ಮುಂದಿನ ಗೇರಿಗೆ ಹಾಕಿ ಅದೇ ಏರಿಕೆ. ನ್ಯೂಟ್ರಲ್‌ನಲ್ಲಿ ಇಲ್ಲದ್ದು ಗೇರಿನಲ್ಲಿ ಬಂದರೆ ಕಪ್ಲಿಂಗಿನಿಂದ ಹಿಂದಕ್ಕೆ ಹುಡುಕಬೇಕು.

ಇನ್ನು ಆ 0.05. ನೆಲದ ಮೇಲೆ ಆಸರೆಗೆ ನಿಂತ ದೋಣಿಯ ಒಡಲು ಒಂದು ಆಕಾರ, ತೇಲುವಾಗ ಇನ್ನೊಂದು. ನೆಲದ ಮೇಲೆ ಮಾಡುವ ಅಲೈನ್‌ಮೆಂಟ್ ಬರೀ ಅಂದಾಜು. ನೀರಿಗಿಳಿಸಿ ಒಂದೆರಡು ದಿನ ಬಿಟ್ಟು, ಟ್ಯಾಂಕುಗಳು ಎಂದಿನಷ್ಟು ತುಂಬಿರುವಾಗ ಅಳೆದದ್ದೇ ಲೆಕ್ಕಕ್ಕೆ. ನೀವು ಅಳೆದಾಗ ಶಾಫ್ಟಿನ ತುದಿಗೆ ಆಸರೆ ಕೊಟ್ಟಿದ್ದಿರಾ? ಶಾಫ್ಟನ್ನು ತಿರುಗಿಸಿ ಮತ್ತೆ ಅಳೆದಿರಾ? ಎರಡಕ್ಕೂ ಉತ್ತರ ಇಲ್ಲ ಎಂದೇ ನನ್ನ ಊಹೆ.

ಮೂರನೇ ಸಿಲಿಂಡರ್

ಎಣ್ಣೆಕೈಯವರು ಹೇಳಿದ ಮುಗ್ಗರಿಸುವ ಸಿಲಿಂಡರ್ ನನಗೆ ಒಂದು ಇಡೀ ಋತುವನ್ನು ತಿಂದಿತ್ತು. ನಾನು ಶಾಫ್ಟ್ ಎಂದು ಪಟ್ಟುಹಿಡಿದೆ, ಕೊನೆಗೆ ಸಿಕ್ಕಿದ್ದು ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್. ಹಳೆಯ ಮಾದರಿಯ ಮೆಕ್ಯಾನಿಕಲ್ ಪಂಪಿನ ಎಂಜಿನ್ ಆದರೆ, ಆರಾಮ ವೇಗದಲ್ಲಿ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ನೋಡಬಹುದು. ಒಳ್ಳೆಯ ಸಿಲಿಂಡರಿನದು ಸಡಿಲಿಸಿದರೆ ಎಂಜಿನ್ ಕುಗ್ಗುತ್ತದೆ, ಕೆಟ್ಟದ್ದಾದರೆ ಏನೂ ಆಗುವುದಿಲ್ಲ. ನಟ್ಟಿನ ಸುತ್ತ ದಪ್ಪ ಬಟ್ಟೆ, ಕಣ್ಣಿಗೆ ಕನ್ನಡಕ, ಬರಿಗೈ ಬೇಡವೇ ಬೇಡ. ಆ ಒತ್ತಡದ ಡೀಸೆಲ್ ಚರ್ಮವನ್ನು ಸೂಜಿಯಂತೆ ತೂರಿ ಒಳಹೋಗುತ್ತದೆ. ಹಾಗಾದರೆ ಅದು ಗಾಯವೆಂದು ಕಾಣದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ವಿಷಯ. ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದ ಡೀಸೆಲ್ ಬರುವ ಕಾಮನ್ ರೈಲ್ ಎಂಜಿನ್‌ನಲ್ಲಿ ಈ ಪರೀಕ್ಷೆಯನ್ನು ಮಾಡಲೇಬಾರದು.

ತೇಲುಮನೆ

ಎಣ್ಣೆಕೈಯವರೇ, ಎರಡಕ್ಕೂ ಉತ್ತರ ಇಲ್ಲ ಎಂಬುದೇ. ಸ್ವಲ್ಪ ಮುಜುಗರದಿಂದಲೇ ಬರೆಯುತ್ತಿದ್ದೇನೆ.

ಕಟ್ಟೆಗೆ ಕಟ್ಟಿ ನೋಡಿದೆ. ನ್ಯೂಟ್ರಲ್‌ನಲ್ಲಿ 2,400ರವರೆಗೂ ಎಂಜಿನ್ ಹಾಲು ಕುಡಿದ ಮಗುವಿನಂತೆ. ಆ್ಯಪ್‌ನಲ್ಲಿ 60ರ ಸಣ್ಣ ಗೆರೆ ಮಾತ್ರ, 20ರದ್ದು ಮಾಯ. ದಿಮ್ಮಿಯೂ ಸುಮ್ಮನಿತ್ತು. ಗೇರಿಗೆ ಹಾಕಿ 1,600 ದಾಟಿದ್ದೇ ತಡ, ಅದೇ ನಡುಕ, ಅದೇ 20. ಒಮ್ಮೆ ಬಯಲಿಗೆ ಹೋಗಿ ಓಡುತ್ತಿರುವಾಗಲೇ ನ್ಯೂಟ್ರಲ್‌ಗೆ ಎಳೆದು ಆರ್‌ಪಿಎಂ ಅಷ್ಟೇ ಇಟ್ಟೆ. ದೀಪ ಆರಿಸಿದ ಹಾಗೆ ನಡುಕ ನಿಂತಿತು. ಸಿಲಿಂಡರ್ ಅಲ್ಲ ಎಂದು ತೋರುತ್ತದೆ.

ನೀರಿನಲ್ಲಿ ಈಗಾಗಲೇ ಹನ್ನೊಂದು ದಿನ ಆಗಿದೆ. ಕಪ್ಲಿಂಗ್ ಬಿಚ್ಚುವ ಮೊದಲು ಆಸರೆ ಎಷ್ಟು ಕೊಡಬೇಕು, ಹೇಗೆ ತಿರುಗಿಸಿ ಅಳೆಯಬೇಕು, ದಯವಿಟ್ಟು ಬಿಡಿಸಿ ಹೇಳಿ.

ಎಣ್ಣೆಕೈ

ಲೋಡ್ ಬಿದ್ದಾಗ ಮಾತ್ರ ಸೊರಗುವ ಸಿಲಿಂಡರ್ ಉಂಟು, ಆದ್ದರಿಂದ ನೂರಕ್ಕೆ ನೂರು ಎನ್ನಲಾರೆ. ಆದರೆ ಈಗ ಕಪ್ಲಿಂಗಿನ ಹಿಂದಕ್ಕೇ ಹೋಗೋಣ.

ಎಂಜಿನ್ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಕೆಲಸ ಶುರುಮಾಡಿ. ಎರಡು ಅಂಚುಗಳ ಮೇಲೂ ಮಾರ್ಕರ್ ಗೆರೆ ಎಳೆದು ನಾಲ್ಕೂ ಬೋಲ್ಟ್ ಬಿಚ್ಚಿ. ಶಾಫ್ಟನ್ನು ಒಂದು ಬೆರಳಗಲ ಹಿಂದಕ್ಕೆ ಸರಿಸಿದರೆ ಕಪ್ಲಿಂಗಿನ ಭಾರಕ್ಕೆ ತುದಿ ಬಾಗುತ್ತದೆ. ಕಣ್ಣಿಗೆ ಕಾಣದು, ಫೀಲರ್ ಗೇಜಿಗೆ ಚೆನ್ನಾಗಿ ಕಾಣುತ್ತದೆ. ಎಷ್ಟು ಎತ್ತಬೇಕು ಎಂಬುದಕ್ಕೆ ಹಳಬರ ಲೆಕ್ಕ: ಕಪ್ಲಿಂಗಿನ ಪೂರ್ತಿ ತೂಕ, ಜೊತೆಗೆ ಗ್ಲ್ಯಾಂಡಿನಿಂದ ಈಚೆಗೆ ಆಸರೆಯಿಲ್ಲದೆ ಚಾಚಿದ ಶಾಫ್ಟಿನ ಅರ್ಧ ತೂಕ. 25 ಮಿಲಿಮೀಟರ್ ಸ್ಟೇನ್‌ಲೆಸ್ ಸರಳು ಮೀಟರಿಗೆ ಸುಮಾರು 3.9 ಕಿಲೋ ತೂಗುತ್ತದೆ. ನಿಮ್ಮದು 60 ಸೆಂಟಿಮೀಟರ್ ಚಾಚಿದೆ ಎಂದುಕೊಂಡರೆ ಅದು 2.3 ಕಿಲೋ, ಅರ್ಧ 1.2. ಕಪ್ಲಿಂಗ್ ಎರಡೂವರೆ ಕಿಲೋ ಇದ್ದರೆ ಒಟ್ಟು 3.7. ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯನ್ನು ಕಪ್ಲಿಂಗಿಗೆ ಕಟ್ಟಿ, ಮೇಲೆ ಅಡ್ಡ ಹಲಗೆಯಿಂದ ಇಳಿಬಿಟ್ಟು, ಮುಳ್ಳು 3.7 ತೋರಿಸುವವರೆಗೆ ಎತ್ತಿ ಹಾಗೇ ಬಿಡಿ.

ಈಗ ಎರಡು ಮುಖಗಳನ್ನು ಕೈಯಿಂದ ಹತ್ತಿರ ತನ್ನಿ. ನಡುವಿನ ಉಬ್ಬು ಎದುರಿನ ಕುಳಿಯಲ್ಲಿ ಸದ್ದಿಲ್ಲದೆ ಕೂರಬೇಕು. ಸ್ಕ್ರೂಡ್ರೈವರ್ ತೂರಿಸಿ ಎತ್ತಿ ಕೂರಿಸಬೇಕಾಗಿ ಬಂದರೆ ಅಳೆಯುವುದಕ್ಕೆ ಮೊದಲೇ ಉತ್ತರ ಸಿಕ್ಕಿತು: ಎರಡು ಅಕ್ಷಗಳು ಒಂದೇ ಎತ್ತರದಲ್ಲಿಲ್ಲ. ಕೂತರೆ, ಮುಖಗಳು ಒಂದು ಕಡೆ ಆಗಷ್ಟೇ ತಾಗುವಂತೆ ಹಿಡಿದು ಗಡಿಯಾರದ 12, 3, 6, 9ರ ಜಾಗಗಳಲ್ಲಿ ಗೇಜ್ ತೂರಿಸಿ ಬರೆದುಕೊಳ್ಳಿ. ಆಮೇಲೆ ಎಂಜಿನ್ ಕಡೆಯ ಅರ್ಧವನ್ನು ಮುಟ್ಟದೆ, ಶಾಫ್ಟ್ ಕಡೆಯದನ್ನು ಮಾತ್ರ 90 ಡಿಗ್ರಿ ತಿರುಗಿಸಿ ಮತ್ತೆ ನಾಲ್ಕು ಕಡೆ. ಹೀಗೆ ಪೂರ್ತಿ ಸುತ್ತು.

ಈ ತಿರುಗಿಸಿ ಅಳೆಯುವುದನ್ನು ಬಿಡುವವರೇ ಹೆಚ್ಚು, ಕೆಲಸದ ಜೀವ ಇರುವುದು ಅದರಲ್ಲೇ. ಶಾಫ್ಟ್ ತಿರುಗಿಸಿದರೂ ದೊಡ್ಡ ಸಂದು ಕೆಳಗೇ ಉಳಿದರೆ ತಪ್ಪು ಎಂಜಿನ್ ಕೂತ ರೀತಿಯದು. ದೊಡ್ಡ ಸಂದು ಶಾಫ್ಟಿನ ಜೊತೆಗೇ ಸುತ್ತಿದರೆ ಶಾಫ್ಟ್ ಬಾಗಿದೆ, ಇಲ್ಲವೇ ಕಪ್ಲಿಂಗ್ ಅದರ ಮೇಲೆ ನೇರವಾಗಿ ಕೂತಿಲ್ಲ. ಈ ಎರಡನೆಯದಕ್ಕೆ ನೀವು ಮೌಂಟ್ ನಟ್ಟನ್ನು ಜನ್ಮವಿಡೀ ತಿರುಗಿಸಿದರೂ ಪ್ರಯೋಜನವಿಲ್ಲ.

ಎಷ್ಟರವರೆಗೆ ಒಪ್ಪಬಹುದು ಎಂದರೆ, ಕಪ್ಲಿಂಗ್ ವ್ಯಾಸದ ಪ್ರತಿ ಇಂಚಿಗೆ ಇಂಚಿನ ಸಾವಿರದಲ್ಲೊಂದು ಭಾಗ. ನಿಮ್ಮ 100 ಮಿಲಿಮೀಟರಿಗೆ ಅದು 0.1 ಮಿಲಿಮೀಟರ್.

ಅಂಕಿಗಳನ್ನು ತನ್ನಿ, ನೋಡೋಣ. ಕೀ ಕೂರುವ ತೋಡು ಯಾವ ಕಡೆ ಇತ್ತು ಎಂಬುದನ್ನೂ ಪ್ರತಿ ಸಲ ಬರೆದುಕೊಳ್ಳಿ.

ತೇಲುಮನೆ

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಲ್ಲೇ ಕೂತಿದ್ದೆ. ಮಂಡಿ ಇನ್ನೂ ನೋಯುತ್ತಿದೆ.

ಆಸರೆ ಇಲ್ಲದೆ ಒಮ್ಮೆ ಅಳೆದೆ, ಕುತೂಹಲಕ್ಕೆ: ಕೆಳಗಿನ ಸಂದು ಮೇಲಿನದಕ್ಕಿಂತ 0.60 ದೊಡ್ಡದು. ತಕ್ಕಡಿ ಕಟ್ಟಿ 3.7ಕ್ಕೆ ಎತ್ತಿದ ಮೇಲೆ 0.45. ಅಂದರೆ ಬರೀ ಶಾಫ್ಟಿನ ಬಾಗೇ 0.15 ತೋರಿಸುತ್ತಿತ್ತು! ಆಗ ತೋಡು ಕೆಳಗಿತ್ತು. ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ ತೋಡು ಮೇಲೆ ತಂದಾಗ ಅದೇ ವ್ಯತ್ಯಾಸ 0.15ಕ್ಕೆ ಇಳಿಯಿತು. 90 ಮತ್ತು 270ರಲ್ಲಿ 0.30. ಎಡ ಬಲಗಳಲ್ಲಿ, ಶಾಫ್ಟಿನ ಜೊತೆ ಸುತ್ತುವುದನ್ನು ಕಳೆದರೆ, 0.05ಕ್ಕಿಂತ ಕಡಿಮೆ. ನಡುವಿನ ಉಬ್ಬು ಸಲೀಸಾಗಿ ಕೂತಿತು.

ಸಂದು ಕೆಳಗೇ ಉಳಿಯಿತೋ, ಶಾಫ್ಟಿನ ಜೊತೆ ಸುತ್ತಿತೋ ಎಂದು ಕೇಳಿದರೆ ಎರಡೂ ಎನ್ನಬೇಕು. ತಲೆಕೆಟ್ಟಿದೆ.

ಇನ್ನೊಂದು. ನೆಲದ ಮೇಲೆ ಅಳೆದ ದಿನ ಒಂದು ಫೋಟೋ ತೆಗೆದಿದ್ದೆ. ಅದರಲ್ಲಿ ತೋಡು ಮೇಲಿದೆ.

ಎಣ್ಣೆಕೈ

ತಲೆಕೆಡುವುದು ಬೇಡ, ಇದಕ್ಕಿಂತ ಚೊಕ್ಕ ಅಂಕಿಗಳನ್ನು ನಾನು ಬಹಳ ದಿನದಿಂದ ನೋಡಿಲ್ಲ. 0.45 ಮತ್ತು 0.15ರ ಸರಾಸರಿ 0.30. ಅದು ಎಂಜಿನ್ ಕೂತದ್ದರ ತಪ್ಪು. ಅವೆರಡರ ವ್ಯತ್ಯಾಸದ ಅರ್ಧ 0.15. ಅದು ಶಾಫ್ಟಿನ ಜೊತೆ ಸುತ್ತುವ ತಪ್ಪು. 90ರಲ್ಲೂ 270ರಲ್ಲೂ ಸರಿಯಾಗಿ 0.30 ಸಿಕ್ಕಿದ್ದು ಈ ಲೆಕ್ಕಕ್ಕೆ ಸಾಕ್ಷಿ.

ಈಗ ನಿಮ್ಮ ಫೋಟೋ. ತೋಡು ಮೇಲಿದ್ದಾಗ ಸುತ್ತುವ ತಪ್ಪು 0.15ನ್ನು ಕಳೆಯುತ್ತದೆ. ನೆಲದ ಮೇಲೆ ನೀವು ಕಂಡದ್ದು 0.05, ಹಾಗಾದರೆ ಆ ತಪ್ಪು ಇಲ್ಲದೆ 0.20. ಆ ದಿನ ಆಸರೆ ಇರಲಿಲ್ಲ, ಆದ್ದರಿಂದ ಇದರಲ್ಲಿ 0.15 ಶಾಫ್ಟಿನ ಬಾಗು, ಎಂಜಿನ್ ಕೂತದ್ದರ ತಪ್ಪು 0.05 ಅಷ್ಟೇ. ನೀರಿಗಿಳಿದ ಮೇಲೆ ಅದು 0.30 ಆಗಿದೆ. ಹೆಚ್ಚಾದ 0.25 ಒಡಲು ಆಕಾರ ಬದಲಿಸಿದ್ದರದು. ಶಾಫ್ಟ್ ನಿಮ್ಮ ಮುಂದೆ ಒಳ್ಳೆಯ ಮಗ್ಗುಲು ತೋರಿಸಿ ನಿಂತಿತ್ತು, ನೀವು ನಂಬಿದಿರಿ. ಒಂದು ತಪ್ಪು ಇನ್ನೊಂದನ್ನು ಮುಚ್ಚಿಟ್ಟಿತ್ತು. ಓಡುವಾಗಂತೂ ಎತ್ತು ಏರಿಗೆ, ಕೋಣ ನೀರಿಗೆ.

ಮೊದಲು ಸುತ್ತುವ ತಪ್ಪು. ಓಲಾಟವನ್ನು ಮುಳ್ಳಿನಿಂದ ಅಳೆಯುವ ಡಯಲ್ ಗೇಜನ್ನು ಯಾರಿಂದಲಾದರೂ ಎರವಲು ತನ್ನಿ. ಕಪ್ಲಿಂಗಿನ ಹಿಂದೆ, ಬರಿಯ ಶಾಫ್ಟಿನ ಮೇಲೆ ಮುಳ್ಳಿಟ್ಟು ಒಂದು ಸುತ್ತು ತಿರುಗಿಸಿ. ಆಮೇಲೆ ಕಪ್ಲಿಂಗ್ ಮುಖದ ಅಂಚಿನ ಮೇಲೆ ಇಟ್ಟು ತಿರುಗಿಸಿ. ಎರಡನೆಯದಕ್ಕೆ ಶಾಫ್ಟ್ ಹಿಂದೆ ಮುಂದೆ ಜಾರದಂತೆ ಒಬ್ಬರು ಹಿಡಿದಿರಬೇಕು. ಶಾಫ್ಟ್ ನೇರ ಓಡಿ ಮುಖ ಮಾತ್ರ ಓಲಾಡಿದರೆ ಕಪ್ಲಿಂಗ್ ಕೂತದ್ದು ಸರಿಯಿಲ್ಲ. ಶಾಫ್ಟೇ ಓಲಾಡಿದರೆ ಅದನ್ನು ಲೇತ್ ಇರುವವರ ಬಳಿ ಒಯ್ಯಬೇಕು.

ಕಪ್ಲಿಂಗನ್ನು ಮೊದಲ ಸಲ ಹೇಗೆ ಕಳಚಿದಿರಿ? ಸುತ್ತಿಗೆಯಿಂದಲೇ? ನಿಜ ಹೇಳಿ.

ತೇಲುಮನೆ

ಸುತ್ತಿಗೆಯಿಂದಲೇ. ಮರದ ತುಂಡು ಅಡ್ಡ ಇಟ್ಟಿದ್ದೆ. ಮೊದಲ ನಾಲ್ಕೈದು ಏಟಿಗೆ.

ಶಾಫ್ಟಿನ ಓಲಾಟ ಪೂರ್ತಿ ಒಂದು ಸುತ್ತಿನಲ್ಲಿ 0.03 ಮಾತ್ರ. ಕಪ್ಲಿಂಗ್ ಮುಖದ ಅಂಚಿನಲ್ಲಿ 0.15, ನೀವು ಹೇಳಿದ ಅಂಕಿಯೇ! ಸುತ್ತಿಗೆ ಮುಟ್ಟದೆ ಅದನ್ನು ಈಗ ಹೇಗೆ ಕಳಚಲಿ?

ಎಣ್ಣೆಕೈ

ಶಾಫ್ಟ್ ಉಳಿಯಿತು, ಅದೃಷ್ಟವಂತರು.

ಬಿಗಿಸುವ ತಿರುಪುಗಳನ್ನು ತೆಗೆಯಿರಿ. ಕಪ್ಲಿಂಗಿನ ಎರಡು ಅರ್ಧಗಳ ನಡುವೆ, ಸರಿಯಾಗಿ ಶಾಫ್ಟ್ ತುದಿಯ ಮೇಲೆ, ಅದಕ್ಕಿಂತ ಸ್ವಲ್ಪ ಸಣ್ಣ ವ್ಯಾಸದ ಗಟ್ಟಿ ಉಕ್ಕಿನ ತುಂಡೊಂದನ್ನು ಇಡಿ. ಹಳೆಯ ಸಾಕೆಟ್ ಆದರೂ ಆದೀತು. ಉದ್ದದ ಬೋಲ್ಟ್‌ಗಳನ್ನು ಹಾಕಿ ಎದುರುಬದುರಾಗಿ ಕಾಲು ಕಾಲು ಸುತ್ತು ಬಿಗಿಯುತ್ತಾ ಬನ್ನಿ. ತುಂಡು ಶಾಫ್ಟನ್ನು ಹಿಂದಕ್ಕೆ ತಳ್ಳುತ್ತದೆ, ಬೋಲ್ಟ್‌ಗಳು ಕಪ್ಲಿಂಗನ್ನು ಮುಂದಕ್ಕೆ ಎಳೆಯುತ್ತವೆ. ಕಪ್ಲಿಂಗ್ ಕದಲದೆ ಬೋಲ್ಟ್ ಮಾತ್ರ ಬಿಗಿಯುತ್ತಾ ಹೋದರೆ ನಿಲ್ಲಿಸಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯಿರಿ. ಹಠ ಮಾಡಿ ಬಿಗಿದರೆ ಗೇರ್‌ಬಾಕ್ಸ್ ಕಡೆಯ ಮುಖ ಬಗ್ಗುತ್ತದೆ. ಸುತ್ತಿಗೆ ಏಟಾದರೋ ಬೀಳುವುದು ಕಪ್ಲಿಂಗಿನ ಅಂಚಿಗೆ, ಅಲ್ಲೆದ್ದ ಒಂದು ಗುಳ್ಳೆ ಸಾಕು.

ಹೊರಬಂದ ಮೇಲೆ ಒಳಗಿನ ರಂಧ್ರ, ತೋಡಿನ ಅಂಚು, ಶಾಫ್ಟಿನ ತುದಿ ಮೂರನ್ನೂ ಬೆರಳಿನಿಂದ ಸವರಿ. ಕಣ್ಣಿಗಿಂತ ಉಗುರು ಚುರುಕು. ಎದ್ದು ನಿಂತದ್ದನ್ನು ನಯವಾದ ಅರದಿಂದ ಮಟ್ಟಮಾಡಿ. ಕಪ್ಲಿಂಗ್ ಕೈಯಿಂದಲೇ ಬಿಗಿಯಾಗಿ ಜಾರಿ ಹೋಗಬೇಕು.

ಆಮೇಲೆ ಎಂಜಿನ್. ಕೆಳಗಡೆ ಸಂದು ದೊಡ್ಡದಿದೆ ಎಂದರೆ ಎಂಜಿನ್ ಮೂತಿ ಎತ್ತಿ ಕೂತಿದೆ, ಮುಂದಿನ ಮೌಂಟ್ ಇಳಿಸಬೇಕು. ಮುಂದಿನ ಮತ್ತು ಹಿಂದಿನ ಮೌಂಟ್‌ಗಳ ನಡುವೆ 600 ಮಿಲಿಮೀಟರ್ ಇದೆ ಎಂದರೆ, 100ಕ್ಕೆ 0.30ರಂತೆ 600ಕ್ಕೆ 1.8. ಮೌಂಟ್ ತಿರುಪಿನ ಎಳೆ 1.5 ಮಿಲಿಮೀಟರ್ ಆದರೆ ಒಂದು ಸುತ್ತು, ಮೇಲೆ ಐದರಲ್ಲೊಂದು ಭಾಗ. ಎರಡೂ ಕಡೆ ಒಂದೇ ಸಮ. ಒಂದು ಮೌಂಟ್ ಮಾತ್ರ ಭಾರ ಹೊತ್ತು ಅದರ ಕರ್ಣದ ಇನ್ನೊಂದು ಗಾಳಿಯಲ್ಲಿ ನಿಲ್ಲಬಾರದು. ಮೂತಿ ಇಳಿದಾಗ ಹಿಂಬದಿ ಸುಮ್ಮನಿರುವುದಿಲ್ಲ, ನೆನಪಿರಲಿ. ಹಿಂದಿನ ಮೌಂಟಿನಿಂದ ಕಪ್ಲಿಂಗ್ 200 ಮಿಲಿಮೀಟರ್ ಹಿಂದಿದ್ದರೆ ಅದು 0.6ರಷ್ಟು ಮೇಲೇಳುತ್ತದೆ, ಉಬ್ಬು ಕುಳಿಗೆ ಕೂರುವುದಿಲ್ಲ. ಆಗ ನಾಲ್ಕನ್ನೂ 0.6 ಇಳಿಸಿ. ಅಕ್ಕಪಕ್ಕ ಸರಿಸುವುದಿದ್ದರೆ ಎತ್ತರ ಮುಗಿದ ಮೇಲೆ. ಕೊನೆಯಲ್ಲಿ ಮೇಲಿನ ನಟ್ ಬಿಗಿದು ಮತ್ತೊಮ್ಮೆ ಅಳೆಯಿರಿ. ಬಿಗಿಯುವಾಗ ಎಂಜಿನ್ ಕೂದಲೆಳೆಯಷ್ಟು ಸರಿಯದೆ ಇರುವುದಿಲ್ಲ.

ತೇಲುಮನೆ

ವಾರದ ನಂತರ ಬರೆಯುತ್ತಿದ್ದೇನೆ.

ಕಪ್ಲಿಂಗ್ ಎರಡನೇ ದಿನ ಟಕ್ ಎಂದು ಬಿಟ್ಟುಕೊಟ್ಟಿತು. ಕೀ ತೋಡಿನ ಒಳಂಚಿನಲ್ಲಿ ಅಕ್ಕಿಕಾಳಿಗಿಂತ ಸಣ್ಣ ಒಂದು ಲೋಹದ ಮುಳ್ಳು ಎದ್ದಿತ್ತು. ಕಣ್ಣಿಗೆ ಬೀಳಲಿಲ್ಲ, ಉಗುರಿಗೆ ಸಿಕ್ಕಿತು. ಅರ ಹಾಕಿದೆ, ತುಕ್ಕು ಒರೆಸಿದೆ. ಈಗ ಮುಖದ ಓಲಾಟ 0.04. ಎಂಜಿನ್ ಮೂತಿ ಇಳಿಸಿದೆ, ನೀವು ಹೇಳಿದಂತೆಯೇ ಹಿಂಬದಿ ಎದ್ದು ನಿಂತಿತು, ನಾಲ್ಕನ್ನೂ ಇಳಿಸಿದೆ. ತಕ್ಕಡಿಯ ಆಸರೆಯಲ್ಲಿ, ನಾಲ್ಕು ಮಗ್ಗುಲಲ್ಲೂ ತಿರುಗಿಸಿ ಅಳೆದಾಗ ಅತಿ ಹೆಚ್ಚೆಂದರೆ 0.08.

1,600ರ ನಡುಕ ಹೋಗಿದೆ. ಗ್ಲ್ಯಾಂಡ್ ಮತ್ತೆ ನಿಮಿಷಕ್ಕೆ ಎರಡು ಮೂರು ಹನಿಗೆ ಬಂದಿದೆ. ಆದರೆ 2,000ದಿಂದ ಮೇಲೆ ಒಂದು ನಡುಕ ಇನ್ನೂ ಉಳಿದಿದೆ. ಮೊದಲಿನ ಮೂರರಲ್ಲೊಂದು ಪಾಲು ಇರಬಹುದು. ಬಾಟಲಿ ನಡೆಯುವುದಿಲ್ಲ, ಒಳಗಿನ ನೀರು ಮಾತ್ರ ಕಂಪಿಸುತ್ತದೆ. ಆ್ಯಪ್ ಅದೇ ಶಾಫ್ಟ್ ಸುತ್ತಿನ ಅಂಕಿ ಹೇಳುತ್ತದೆ. ಮುಳುಗುವವರೊಬ್ಬರಿಂದ ನೋಡಿಸಿದೆ: ರೆಕ್ಕೆಗೆ ಹಗ್ಗ ಸುತ್ತಿಲ್ಲ, ಪೆಟ್ಟಿಲ್ಲ, ಆನೋಡಿನ ಎರಡು ಹೋಳೂ ಇವೆ.

ಎಣ್ಣೆಕೈ

ಆನೋಡ್ ನೋಡಿಸಿದ್ದು ಜಾಣತನ. ಒಂದು ಹೋಳು ಉದುರಿ ಇನ್ನೊಂದು ಉಳಿದರೆ ಶಾಫ್ಟಿಗೆ ಒಂಟಿ ಭಾರ ಕಟ್ಟಿದಂತೆ.

ಇನ್ನು ಉಳಿದದ್ದು ನೀವು ಮುಟ್ಟಿದ ಕೊನೆಯ ಜಾಗ, ಪ್ರೊಪೆಲ್ಲರಿನ ಹೊಸ ಕೀ. ಪ್ರೊಪೆಲ್ಲರ್ ನಿಲ್ಲುವುದು ಶಾಫ್ಟಿನ ಟೇಪರಿನ, ಅಂದರೆ ಸಣ್ಣದಾಗುತ್ತಾ ಹೋಗುವ ತುದಿಯ, ಮೇಲೆ, ಸುತ್ತಲೂ ಮೈಗೆ ಮೈ ತಾಗಿ. ಕೀ ಒಂದಿಷ್ಟು ಎತ್ತರವಿದ್ದರೆ, ಅಥವಾ ತೋಡಿನಲ್ಲಿ ಮುಂದಕ್ಕೆ ಜಾರಿ ಅದರ ಇಳಿಜಾರು ತುದಿಯನ್ನು ಹತ್ತಿದರೆ, ಪ್ರೊಪೆಲ್ಲರ್ ಟೇಪರನ್ನು ಬಿಟ್ಟು ಕೀಯ ಬೆನ್ನ ಮೇಲೆ ಸವಾರಿ ಮಾಡುತ್ತದೆ. ನಟ್ ಬಿಗಿದವನ ಕೈಗೆ ಗಟ್ಟಿಯಾಗಿ ಕೂತಿತು ಎಂದೇ ಅನಿಸುತ್ತದೆ. ಕೂತದ್ದು ಮಾತ್ರ ವಾರೆಯಾಗಿ. ಮುಳುಗಿದವರಿಗೆ ಇದು ಕಾಣುವುದಿಲ್ಲ. ದೋಣಿ ಎತ್ತಿಸಲೇಬೇಕು.

ಎತ್ತಿಸಿದಾಗ ಹೀಗೆ ಪರೀಕ್ಷಿಸಿ. ಕೀ ಇಲ್ಲದೆ ಪ್ರೊಪೆಲ್ಲರನ್ನು ಟೇಪರಿನ ಮೇಲೆ ಪೂರ್ತಿ ತಳ್ಳಿ, ಬುಡ ಎಲ್ಲಿ ನಿಂತಿತೋ ಅಲ್ಲಿ ಶಾಫ್ಟಿನ ಮೇಲೆ ಸಣ್ಣ ಗೆರೆ ಎಳೆಯಿರಿ. ತೆಗೆದು, ಕೀ ಹಾಕಿ, ಮತ್ತೆ ತಳ್ಳಿ. ಅದೇ ಗೆರೆ ಮುಟ್ಟಬೇಕು. ಮುಟ್ಟದಿದ್ದರೆ ಕೀಯ ಬೆನ್ನನ್ನು ಅರದಿಂದ ಇಳಿಸಿ, ಮಗ್ಗುಲನ್ನಲ್ಲ. ಮಗ್ಗುಲು ಸಡಿಲವಾದರೆ ಗೇರ್ ಹಾಕಿದಾಗಲೆಲ್ಲ ಕಟ್ ಎನ್ನುತ್ತದೆ.

ಒಂದು ದಿನದ ಕೆಲಸ. ಟೇಪರಿಗೆ ನೀಲಿ ಬಣ್ಣ ಸವರಿ ತಾಗಿದ ಗುರುತನ್ನೂ ನೋಡಿಕೊಳ್ಳಿ. ತೇಪೆ ತೇಪೆಯಾಗಿ ಬಿದ್ದರೆ ಉಜ್ಜುವ ಪೇಸ್ಟ್ ಹಚ್ಚಿ ಎರಡನ್ನೂ ಒಂದಕ್ಕೊಂದು ತಿರುಗಿಸಿ ಕೂರಿಸಬೇಕು. ಮುಗಿದ ಮೇಲೆ ಪೇಸ್ಟಿನ ಒಂದು ಕಣವೂ ಉಳಿಯದಂತೆ ತೊಳೆಯಿರಿ.

ತೇಲುಮನೆ

ಗೆರೆಗೆ 3 ಮಿಲಿಮೀಟರ್ ಮೊದಲೇ ನಿಂತಿತ್ತು.

ಎತ್ತಿಸಿದ ಹಗ್ಗಗಳಲ್ಲೇ ದೋಣಿ ತೂಗಾಡುತ್ತಿತ್ತು, ಆಸರೆಗೆ ಇಳಿಸುವ ಮೊದಲೇ ನಾನು ಪ್ರೊಪೆಲ್ಲರ್ ನಟ್ಟಿಗೆ ಕೈಹಾಕಲು ಹೋಗಿ ಕ್ರೇನಿನವನಿಂದ ಬೈಸಿಕೊಂಡೆ. ಬೈದದ್ದು ನ್ಯಾಯ. ಕೀ ತೆಗೆದು ನೋಡಿದರೆ ಬೆನ್ನ ಮೇಲೆ ಎರಡು ಹೊಳೆಯುವ ಗೀರು, ಪ್ರೊಪೆಲ್ಲರ್ ಅಲ್ಲೇ ಕೂತಿತ್ತು. ಟೇಪರಿನ ಅರ್ಧ ಭಾಗಕ್ಕೆ ಲೋಹ ತಾಗಿದ ಗುರುತೇ ಇರಲಿಲ್ಲ. ಅರ ಹಾಕಿ, ಗೆರೆ ಮುಟ್ಟಿಸಿ, ನೀಲಿ ಬಣ್ಣ ಒಂದೇ ಸಮ ಬೀಳುವವರೆಗೆ ಉಜ್ಜಿದೆ. ಪಿನ್ ಹಾಕಿದೆ.

ನೀರಿಗಿಳಿಸಿ ಎರಡು ದಿನ ಬಿಟ್ಟು ಕಪ್ಲಿಂಗ್ ಮತ್ತೆ ಅಳೆದೆ: 0.09. ನಿನ್ನೆ 2,600ರವರೆಗೆ ಓಡಿಸಿದೆ. 20ರ ಹತ್ತಿರದ ಗೆರೆ ಆ್ಯಪ್‌ನಲ್ಲಿ ಹುಡುಕಿದರೆ ಮಾತ್ರ ಕಾಣುತ್ತದೆ. ಬಾಟಲಿಯೊಳಗಿನ ನೀರಿನ ಮೇಲೆ ಸಣ್ಣ ಉಂಗುರಗಳಿವೆ, ಅದು ಎಂಜಿನ್ ಉರಿತ ಎಂದುಕೊಂಡು ಬಿಟ್ಟಿದ್ದೇನೆ.

ಆ ಫ್ಲೆಕ್ಸಿಬಲ್ ಕಪ್ಲಿಂಗ್ ಹಾಗೇ ಡಬ್ಬಿಯಲ್ಲಿದೆ. ಏನು ಮಾಡಲಿ?

ಉಪ್ಪುಗಾಳಿ

ನನಗೆ ಕೊಡಬೇಡಿ. ನಾನು ಈ ಭಾನುವಾರ ನನ್ನದನ್ನು ಬಿಚ್ಚಿ, ತಕ್ಕಡಿ ಕಟ್ಟಿ ಅಳೆಯಲಿದ್ದೇನೆ.

ಎಣ್ಣೆಕೈ

ಉಪ್ಪುಗಾಳಿಯವರೇ, ಅಳೆಯುವುದು ಫ್ಲೆಕ್ಸಿಬಲ್ ತೆಗೆದ ಮೇಲೆ, ಲೋಹದ ಮುಖಗಳ ನಡುವೆ. ರಬ್ಬರನ್ನು ನಡುವೆ ಇಟ್ಟು ಅಳೆದ ಅಂಕಿಯನ್ನು ಇಲ್ಲಿ ಹಾಕಬೇಡಿ.

ತೇಲುಮನೆಯವರೇ, ಅದನ್ನು ಮಾರಿಬಿಡಿ. ಹಾಕಲೇಬೇಕೆಂಬ ಆಸೆ ಇದ್ದರೆ ಹಾಕಬಹುದು. ಈಗ ಅಲೈನ್‌ಮೆಂಟ್ ಸರಿಯಿದೆ, ಗೇರ್ ಬೀಳುವಾಗಿನ ಗುದ್ದನ್ನು ಅದು ಮೆತ್ತಗೆ ಮಾಡುತ್ತದೆ. ಆದರೆ ಅದರ ದಪ್ಪದಷ್ಟು ಶಾಫ್ಟ್ ಹಿಂದಕ್ಕೆ ಹೋಗುತ್ತದೆ. ಪ್ರೊಪೆಲ್ಲರಿಗೂ ಚುಕ್ಕಾಣಿಗೂ ನಡುವೆ ಎಷ್ಟು ಜಾಗವಿದೆ ಎಂದು ಅಳೆಯದೆ ಡಬ್ಬಿ ತೆರೆಯಬೇಡಿ. ಇಪ್ಪತ್ತೈದು ಗಂಟೆ ಓಡಿದ ಮೇಲೆ ಮೌಂಟ್ ನಟ್‌ಗಳನ್ನೂ ಆ 0.09ನ್ನೂ ಇನ್ನೊಮ್ಮೆ ನೋಡಿ. ತೋಡು ಯಾವ ಕಡೆ ಇತ್ತು ಎಂದು ಬರೆಯುವುದನ್ನು ಮರೆಯಬೇಡಿ.